"ತಡೀರಿ ಮೇಡಂ, ನೋಡಿ ಹೇಳ್ತೀನಿ"

ನಾನು ಆಪ್ತಸಮಾಲೋಚಕಿ. ಸ್ಮಾರ್ಟ್‌ವಾಚ್ ನೋಡಿ ನೋಡಿ ಆತಂಕ ಹೆಚ್ಚಿಸಿಕೊಂಡು ಈ ವರ್ಷ ನನ್ನ ಹತ್ತಿರ ಬಂದವರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆಯೂ ಇದೆ.

ವಯಸ್ಸು 52. ಮನೆ ಮೈಸೂರು, ಕೆಲಸ ಮಂಡ್ಯದ ಒಂದು ಬ್ಯಾಂಕಿನಲ್ಲಿ. ದಿನಾ ರೈಲಿನಲ್ಲಿ ಓಡಾಟ. ಜೊತೆಗೆ ಓಡಾಡುತ್ತಿದ್ದ ಗೆಳೆಯರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಅದಾದ ತಿಂಗಳಿಗೆ ಬೆಂಗಳೂರಿನಲ್ಲಿರುವ ಮಗ ಸ್ಮಾರ್ಟ್‌ವಾಚ್ ತಂದು ಅಪ್ಪನ ಕೈಗೆ ಕಟ್ಟಿದ. ಅಲ್ಲಿಂದ ಶುರು. ಎದೆಬಡಿತ 90 ದಾಟಿದರೆ ಗಾಬರಿ, ಗಾಬರಿಯಾದರೆ ಬಡಿತ ಇನ್ನೂ ಜಾಸ್ತಿ. ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಿರುಸಾಗಿ ನಡೆಯುವಾಗ 158 ತೋರಿಸಿತಂತೆ. ಅಲ್ಲೇ ಕೂತು ಹೆಂಡತಿಗೆ ಫೋನ್ ಮಾಡಿ, ಆಟೋ ಹಿಡಿದು ಆಸ್ಪತ್ರೆಗೆ ಹೋದರು. ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ಆಯಿತು. ಎಲ್ಲ ಸರಿಯಿತ್ತು. ನನ್ನ ಹತ್ತಿರ ಕಳಿಸಿದ್ದು ಆ ವೈದ್ಯರೇ.

ಮೊದಲ ಎರಡು ಭೇಟಿ ಸತ್ತ ಗೆಳೆಯರ ಬಗ್ಗೆಯೇ ಆಯಿತು. ಅದು ಅವರ ಸ್ವಂತ ದುಃಖ, ಇಲ್ಲಿ ಬೇಡ.

ಮೂರನೇ ಸಲ ಹೆಂಡತಿಯೂ ಬಂದಿದ್ದರು. ಮಾತು ಶುರು ಮಾಡೋಕೆ ನಾನು ಸುಮ್ನೆ ಕೇಳಿದೆ, "ನಿನ್ನೆ ರಾತ್ರಿ ನಿದ್ದೆ ಹೇಗಿತ್ತು?"

"ತಡೀರಿ ಮೇಡಂ, ನೋಡಿ ಹೇಳ್ತೀನಿ" ಅಂದರು.

ಶರ್ಟಿನ ತೋಳು ಮೇಲಕ್ಕೆ ಸರಿಸಿದರು. ಕನ್ನಡಕ ಹಣೆಗೇರಿಸಿ, ಬೆರಳಲ್ಲಿ ಎರಡು ಸಲ ಸವರಿದರು. "ನಿದ್ದೆಯ ಅಂಕ 61. ಚೆನ್ನಾಗಿಲ್ಲ ಮೇಡಂ. ಗಾಢ ನಿದ್ದೆ ಬರೀ 40 ನಿಮಿಷ."

"ಎಲ್ರೀ?" ಅಂದರು ಹೆಂಡತಿ. "ಹಾಲಿನವನು ಎರಡು ಸಲ ಬೆಲ್ ಹೊಡೆದ್ರೂ ಅಲ್ಲಾಡಲಿಲ್ಲ ನೀವು."

ನಾನು ಪ್ರಶ್ನೆ ಬದಲಿಸಿದೆ. "ಬೆಳಿಗ್ಗೆ ಎದ್ದಾಗ, ವಾಚು ನೋಡೋಕೆ ಮುಂಚೆ, ಮೈ ಹೇಗಿತ್ತು ಹೇಳಿ."

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ನೋಡೋಕೆ ಮುಂಚೆ ಅಂತ ಒಂದು ಹೊತ್ತೇ ಇಲ್ಲ ಮೇಡಂ. ಕಣ್ಣು ಬಿಡೋದೇ ಅದನ್ನ ನೋಡೋಕೆ" ಅಂದರು. ಹೇಳಿ ಮುಗಿಸುವಾಗ ದನಿ ಸ್ವಲ್ಪ ಒಡೆಯಿತು.

ವಾಚು ಬಿಚ್ಚಿ ಮೇಜಿನ ಮೇಲೆ ಇಡಿ ಅಂದೆ. ಇಟ್ಟರು. ಮಣಿಕಟ್ಟಿನ ಮೇಲೆ ಅದರ ಅಚ್ಚು ಬಿದ್ದಿತ್ತು. ಚರ್ಮ ನೀರಲ್ಲಿ ನೆನೆದ ಹಾಗೆ ಬೆಳ್ಳಗಾಗಿ, ಅಂಚಿನಲ್ಲಿ ಕೆಂಪು ಗುಳ್ಳೆ ಎದ್ದಿದ್ದವು. "ಸಡಿಲ ಇದ್ರೆ ತಪ್ಪು ತೋರಿಸುತ್ತೆ ಅಂತ ಬಿಗಿಯಾಗಿ ಕಟ್ತೀನಿ" ಅಂದರು. ಮೇಜಿನ ಮೇಲೆ ಬೋರಲಾಗಿ ಬಿದ್ದ ವಾಚಿನ ಹಿಂಬದಿ ಹಸಿರು ಬೆಳಕು ಮಿನುಗುತ್ತಲೇ ಇತ್ತು. ಮೂವರೂ ಅದನ್ನೇ ನೋಡುತ್ತಾ ಕೂತೆವು.

ಆ ಹಸಿರು ಬೆಳಕು ಮಾಡುವ ಕೆಲಸ ಇಷ್ಟೇ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಏರಿ ಇಳಿಯುತ್ತೆ, ಬೆಳಕು ಎಷ್ಟು ವಾಪಸ್ ಬಂತು ಅನ್ನೋದರಿಂದ ವಾಚು ಆ ಏರಿಳಿತ ಎಣಿಸುತ್ತೆ. ಸುಮ್ಮನೆ ಕೂತಿದ್ದಾಗ ಚೆನ್ನಾಗೇ ಎಣಿಸುತ್ತೆ. ಆದರೆ ಬಿರುಸಾಗಿ ನಡೆಯುವಾಗ ಕೆಲವು ಸಲ ಕೈಬೀಸುವ, ಹೆಜ್ಜೆ ಹಾಕುವ ಲಯವನ್ನೇ ಬಡಿತ ಅಂದುಕೊಳ್ಳುತ್ತೆ. ಕೆರೆ ಏರಿಯ ಆ 158 ಹಾಗೆ ಬಂದದ್ದೇ ಇರಬಹುದು. ನಿದ್ದೆಯದೂ ಅಂದಾಜೇ. ಗಾಢ ನಿದ್ದೆ ಎಷ್ಟು ಅಂತ ಸರಿಯಾಗಿ ಅಳೆಯಬೇಕಾದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡಬೇಕು, ವಾಚಿಗೆ ಮುಖ್ಯವಾಗಿ ಸಿಗೋದು ಕೈಯ ಅಲುಗಾಟ ಮತ್ತು ನಾಡಿ. ಒಳ್ಳೆ ಅಂಕ ಬರಬೇಕು ಅನ್ನೋ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಳ್ಳುವುದಕ್ಕೆ ಅಮೆರಿಕದ ತಜ್ಞರು 2017ರಲ್ಲಿ ಆರ್ಥೋಸಾಮ್ನಿಯಾ ಅಂತ ಹೆಸರಿಟ್ಟರು. ಪರೀಕ್ಷೆಯಲ್ಲಿ ನಿದ್ದೆ ಚೆನ್ನಾಗಿದೆ ಅಂತ ಬಂದರೂ, ಹಾಗಾದರೆ ವಾಚು ಯಾಕೆ ಬೇರೆ ಹೇಳುತ್ತೆ ಅಂತ ಕೇಳಿದವರು ಅಲ್ಲೂ ಇದ್ದರು.

ಸ್ಮಾರ್ಟ್‌ವಾಚ್ ಬಿಚ್ಚಿಟ್ಟು ಮುಳ್ಳಿನ ವಾಚು ಕಟ್ಟಿ ಅಂತ ಅವರಿಗೆ ಸಲಹೆ ಕೊಟ್ಟೆ. ಆದರೆ ಅದು ವಾಚು ತಪ್ಪು ತೋರಿಸುತ್ತೆ ಅನ್ನೋ ಕಾರಣಕ್ಕಲ್ಲ. ಅದು ಸರಿಯಾಗೇ ತೋರಿಸಿದರೂ ಇದನ್ನೇ ಹೇಳುತ್ತಿದ್ದೆ. ಆತಂಕ ಇರುವವರು ಒಂದು ಸಲ ನೋಡಿದರೆ ಎರಡು ನಿಮಿಷ ಸಮಾಧಾನ. ಮೂರನೇ ನಿಮಿಷಕ್ಕೆ ಮತ್ತೆ ಅನುಮಾನ. ನೋಡಿದಷ್ಟೂ ನೋಡಬೇಕು ಅನಿಸುತ್ತೆ. ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಹತ್ತು ಸಲ ಅಡುಗೆಮನೆಗೆ ಹೋಗಿ ಬರುವವರ ಕಷ್ಟವೂ ಇದೇ. ಇವರ ಗ್ಯಾಸ್ ಒಲೆ ಕೈ ಮೇಲೇ ಇತ್ತು.

ಹಾಗಾದರೆ ವಾಚೇ ಬೇಡ ಅನ್ನಬಹುದಿತ್ತಲ್ಲ, ಮುಳ್ಳಿನ ವಾಚು ಕಟ್ಟಿ ಅಂದಿದ್ಯಾಕೆ? ಬರಿಗೈ ಆದರೆ ಟೈಮ್ ನೋಡೋಕೆ ಫೋನ್ ತೆಗೀತಾರೆ. ಫೋನಲ್ಲಿ ಅದೇ ಆ್ಯಪ್ ಕೂತಿರುತ್ತೆ. ವರ್ಷಗಟ್ಟಲೆ ಅಭ್ಯಾಸ ಆದ ಕೈ ಮೇಲೇಳೋದು ಹೇಗೂ ನಿಲ್ಲಲ್ಲ, ಎದ್ದಾಗ ಅಲ್ಲಿ ಬರೀ ಗಂಟೆ ಎಷ್ಟು ಅಂತ ಕಾಣಲಿ ಅನ್ನೋದು ನನ್ನ ಲೆಕ್ಕ. ನಾಲ್ಕು ವಾರ ಮಾಡಿ ನೋಡಿ ಅಂದೆ. ಆ್ಯಪ್ ತೆಗೆಯಬೇಕು, ಸ್ಮಾರ್ಟ್‌ವಾಚ್ ಹೆಂಡತಿಯ ಹತ್ತಿರ ಇರಬೇಕು.

"ಹಾಗಾದ್ರೆ ಅಪ್ಪ ಕಟ್ಟಿದ್ದಿದೆಯಲ್ಲ" ಅಂದರು ಹೆಂಡತಿ. ಮದುವೆಯಲ್ಲಿ ಮಾವ ಅಳಿಯನಿಗೆ ಕಟ್ಟಿದ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಆ ವಾಚು ನಮ್ಮ ಕಡೆ ಎಷ್ಟು ಮದುಮಕ್ಕಳ ಕೈಯೇರಿತ್ತು ಅಂತ ನಿಮ್ಮ ಮನೆ ಹಿರಿಯರನ್ನು ಕೇಳಿ. ಇದು ಬೀರುವಿನಲ್ಲಿ ಒಡವೆ ಡಬ್ಬಿಯೊಳಗೆ ನಿಂತು ಹೋಗಿತ್ತು. ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಒಬ್ಬರು ರಿಪೇರಿಯವರು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಟ್ಟರು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಎದ್ದ ಕೂಡಲೇ ಅಂಕ ನೋಡುವ ಜಾಗಕ್ಕೆ ಈ ಕೆಲಸ ಬಂತು. ಇದು ನಾನು ಯೋಚಿಸಿದ್ದಲ್ಲ, ತಾನಾಗೇ ಒದಗಿದ್ದು.

ನನ್ನ ವೃತ್ತಿಯವರೇ ಒಬ್ಬರು, ಜೀವ ಉಳಿಸುವ ಸಾಧನ ಬಿಚ್ಚಿಸಿದ್ದೀರಲ್ಲ ಅಂತ ಆಕ್ಷೇಪ ಮಾಡಿದರು. ನಿಜ, ಎದೆಬಡಿತದ ಲಯ ತಪ್ಪಿದ್ದನ್ನು ಇಂಥ ವಾಚುಗಳು ಹಿಡಿದುಕೊಟ್ಟಿದ್ದೂ ಇದೆ. ವೈದ್ಯರು ಕಟ್ಟಿಕೊಳ್ಳಿ ಅಂದಿದ್ದರೆ ದಯವಿಟ್ಟು ಕಟ್ಟಿಕೊಳ್ಳಿ, ನನ್ನ ಮಾತು ಕೇಳಿ ಬಿಚ್ಚಬೇಡಿ. ಇವರ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳಿ, ಅವರು ಸರಿ ಅಂದ ಮೇಲೇ ಹೇಳಿದ್ದು. ಎದೆನೋವು, ಉಸಿರುಕಟ್ಟು, ತಲೆಸುತ್ತು ಬಂದರೆ ಯಾವ ವಾಚೂ ನೋಡದೆ ನೇರ ಆಸ್ಪತ್ರೆಗೆ ಹೋಗಿ ಅಂತಲೂ ಬರೆದು ಕೊಟ್ಟಿದ್ದೆ.

ಅವರಿಗೆ ಕಷ್ಟ ಆಗಿದ್ದು ಮಗನಿಗೆ ಹೇಳೋದು. ಪ್ರೀತಿಯಿಂದ ತಂದದ್ದನ್ನ ಹೇಗೆ ಬಿಚ್ಚಿಡೋದು? ಅವರ ಒಪ್ಪಿಗೆ ಪಡೆದು ನಾನೇ ಮಗನ ಹತ್ತಿರ ಮಾತಾಡಿದೆ. ದಿನಾ ಸಂಜೆ ಫೋನ್ ಮಾಡಿ "ಇವತ್ತು ಎಷ್ಟು ಸ್ಟೆಪ್ಸ್ ಅಪ್ಪ?" ಅಂತ ಕೇಳುತ್ತಿದ್ದನಂತೆ. ಅದರ ಬದಲು, ಇವತ್ತು ರೈಲಲ್ಲಿ ಯಾರು ಸಿಕ್ಕಿದ್ರು ಅಂತ ಕೇಳಪ್ಪಾ ಅಂದೆ. ದೂರದಲ್ಲಿರುವ ಮಕ್ಕಳೆಲ್ಲ ಇದನ್ನು ಗಮನಿಸಬೇಕು ಅಂತ ನನ್ನ ಆಸೆ.

ಎಲ್ಲ ಸಲೀಸಾಗಿ ಆಗಲಿಲ್ಲ. ಮೂರನೇ ವಾರ ಒಂದು ರಾತ್ರಿ ಸ್ಮಾರ್ಟ್‌ವಾಚ್ ಹುಡುಕಿ ತೆಗೆದು, ಚಾರ್ಜ್ ಮಾಡಿ, ಬೆಳಗಿನ ಜಾವದ ತನಕ ಕಟ್ಟಿಕೊಂಡು ಕೂತಿದ್ದರು. ತಲೆ ತಗ್ಗಿಸಿ ಹೇಳಿಕೊಂಡರು. ಅದರಲ್ಲಿ ತಪ್ಪೇನಿಲ್ಲ, ನಾಳೆಯಿಂದ ಮತ್ತೆ ಕೀ ಕೊಡಿ ಅಂದೆ.

ಏಳನೇ ಭೇಟಿಯಲ್ಲಿ ನಿದ್ದೆ ಬಗ್ಗೆ ಮತ್ತೆ ಕೇಳಿದೆ. ಕೈ ಮೇಲೇಳಲು ಹೋಗಿ ತೊಡೆ ಮೇಲೇ ನಿಂತಿತು. ಯೋಚಿಸಿದರು. "ಮಧ್ಯೆ ಒಂದ್ಸಲ ಎಚ್ಚರ ಆಯ್ತು ಮೇಡಂ. ಎಷ್ಟು ಗಂಟೆಯೋ ಗೊತ್ತಿಲ್ಲ, ಹೊರಗೆ ಮಳೆ ಬರ್ತಿತ್ತು. ಆಮೇಲೆ ಮಲಗಿದೆ."