ಮಾವ ಒಬ್ಬರೇ, ತೆರಿಗೆ ಕೇಳುವವರು ಇಬ್ಬರು

ಓದುಗರೊಬ್ಬರ ಪತ್ರ: “ಮದುವೆಯಾಗದ ನಮ್ಮ ಸೋದರಮಾವ ಅಮೆರಿಕದಲ್ಲಿ ತೀರಿಕೊಂಡರು. ನ್ಯೂಜೆರ್ಸಿಯಲ್ಲಿ ಒಂದು ಮನೆ, ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು. ಆಸ್ತಿ ನನಗೆ ಬಂದಿದೆ. ಎರಡೂ ರಾಜ್ಯಗಳು ‘ಅವರು ನಮ್ಮ ನಿವಾಸಿ’ ಎಂದು ಉತ್ತರಾಧಿಕಾರ ತೆರಿಗೆ ಕೇಳುತ್ತಿವೆ. ಕೋರ್ಟಿಗೆ ಹೋದರೆ ಒಬ್ಬರಾದರೂ ಸುಮ್ಮನಾಗುತ್ತಾರೆ ಅಲ್ವಾ?”

ಆ ಭರವಸೆ ಇಟ್ಟುಕೊಳ್ಳಬೇಡಿ. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಜಾನ್ ಡೊರಾನ್ಸ್ 1930ರಲ್ಲಿ ಸತ್ತಾಗ ಇದೇ ಎರಡು ರಾಜ್ಯಗಳು ಜಗಳಕ್ಕೆ ಬಿದ್ದವು. ಪೆನ್ಸಿಲ್ವೇನಿಯಾದ ಕೋರ್ಟು ಅವರು ತನ್ನ ರಾಜ್ಯದವರು ಎಂದಿತು. ನ್ಯೂಜೆರ್ಸಿಯ ಕೋರ್ಟೂ ಹಾಗೇ ಅಂದಿತು. ಅದೇ ಆಸ್ತಿಗೆ ಎರಡು ಸಲ ತೆರಿಗೆ ಬಿತ್ತು. ಸುಪ್ರೀಂ ಕೋರ್ಟು ಕೈ ಹಾಕಲಿಲ್ಲ. ಇದು ಅನ್ಯಾಯವೆಂದೇ ನನಗೆ ಅನಿಸುತ್ತದೆ. ಮನುಷ್ಯನಿಗೆ ಕಾಯಂ ನೆಲೆ ಒಂದೇ ಎನ್ನುವ ಕಾನೂನೇ ಅವನನ್ನು ಎರಡು ಕಡೆಯ ನಿವಾಸಿಯಾಗಿಸಿತು.

ಸುಪ್ರೀಂ ಕೋರ್ಟು ಇಂಥ ಜಗಳ ಬಿಡಿಸಿದ್ದು ಉಂಟು, ಆದರೆ ತೀರಾ ಅಪರೂಪ. 1936ರಲ್ಲಿ ಸತ್ತ ಶ್ರೀಮಂತ ಎಡ್ವರ್ಡ್ ಗ್ರೀನ್ ತಾನು ಟೆಕ್ಸಾಸಿನವನು ಎಂದೇ ವರ್ಷಗಟ್ಟಲೆ ಕಾಗದಗಳಲ್ಲಿ ಬರೆದುಕೊಂಡು ಬಂದಿದ್ದ. ನಾಲ್ಕು ರಾಜ್ಯಗಳು ಮತ್ತು ಕೇಂದ್ರ ಸರ್ಕಾರ ಕೇಳಿದ ತೆರಿಗೆ ಕೂಡಿಸಿದರೆ ಆಸ್ತಿಯೇ ಸಾಲುತ್ತಿರಲಿಲ್ಲ. ಅದಕ್ಕಾಗಿಯೇ ಕೋರ್ಟು ಕೇಸು ಕೈಗೆತ್ತಿಕೊಂಡಿತು. ಅವನು ಬರೆದದ್ದಕ್ಕಿಂತ ಬದುಕಿದ್ದನ್ನು ನೋಡಿತು. ಮ್ಯಾಸಚೂಸೆಟ್ಸ್‌ನ ರೌಂಡ್ ಹಿಲ್‌ನಲ್ಲಿ ಅವನು ಕಟ್ಟಿಸಿದ ದೊಡ್ಡ ಮನೆ ಇತ್ತು. ಅಲ್ಲಿನ ದಡಕ್ಕೆ ತಿಮಿಂಗಿಲ ಬೇಟೆಯ ಹಳೆಯ ಹಡಗೊಂದನ್ನೇ ತರಿಸಿ ನಿಲ್ಲಿಸಿಕೊಂಡಿದ್ದ. 1939ರಲ್ಲಿ ಮ್ಯಾಸಚೂಸೆಟ್ಸ್ ಗೆದ್ದಿತು. ನಿಮ್ಮ ಮಾವನ ವಿಷಯದಲ್ಲಿ ಕೇಳಿದ ತೆರಿಗೆಗಳು ಕೂಡಿ ಆಸ್ತಿಯನ್ನೇ ಮೀರದಿದ್ದರೆ ಆ ಬಾಗಿಲು ನಿಮಗೆ ತೆರೆಯುವುದಿಲ್ಲ.

ನಿಮಗಿರುವ ದಾರಿ ರಾಜಿ. ಎರಡೂ ರಾಜ್ಯಗಳ ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆ. ಎರಡೂ ಇಲಾಖೆಗಳು ಮತ್ತು ಆಸ್ತಿಯ ನಿರ್ವಾಹಕರು ಕೂತು ಒಟ್ಟು ಒಂದು ಮೊತ್ತ ಒಪ್ಪಿ, ಅದನ್ನು ಹಂಚಿಕೊಳ್ಳಬಹುದು. ಸೋದರಳಿಯನಿಗೆ ಪೆನ್ಸಿಲ್ವೇನಿಯಾದಲ್ಲಿ ಶೇ. 15, ನ್ಯೂಜೆರ್ಸಿಯಲ್ಲಿ ಶೇ. 15ರಿಂದ 16. ಎರಡನ್ನೂ ಪೂರ್ತಿ ಕಟ್ಟಿದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಯಿತು. ಜಗಳ ಶೇರು, ಬಾಂಡು, ಬ್ಯಾಂಕ್ ಠೇವಣಿಗಳ ಮೇಲೆ ಮಾತ್ರ. ಮನೆಗಳಿಗೆ ಅವು ಇರುವ ರಾಜ್ಯವೇ ತೆರಿಗೆ ಹಾಕುತ್ತದೆ.

ಮೇಜಿನ ಮುಂದೆ ಬರಿಗೈಯಲ್ಲಿ ಕೂರಬೇಡಿ. ಹಳೆಯ ನೆಲೆ ಬದಲಾಯಿತು ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಹಾಗಾಗಿ ಮಾವ ಮೊದಲು ಎಲ್ಲಿ ನೆಲೆಸಿದ್ದರು ಎಂಬುದು ಬಹಳ ಮುಖ್ಯ. ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಆದಾಯ ತೆರಿಗೆ ರಿಟರ್ನ್, ವೈದ್ಯರ ಬಿಲ್ಲು, ಎರಡೂ ಮನೆಗಳ ಕರೆಂಟ್ ಬಿಲ್ಲು, ಎಲ್ಲವನ್ನೂ ಈಗಲೇ ಜೋಡಿಸಿಡಿ. ನೆರೆಯವರ ಮಾತನ್ನೂ ಬರೆಸಿಕೊಳ್ಳಿ. ಜಾಸ್ತಿ ಕಾಯಬೇಡಿ. ಸಾವಿನ ದಿನದಿಂದ ನ್ಯೂಜೆರ್ಸಿಗೆ 8 ತಿಂಗಳು, ಪೆನ್ಸಿಲ್ವೇನಿಯಾಕ್ಕೆ 9 ತಿಂಗಳು ಗಡುವು. ಯಾವ ರಾಜ್ಯಕ್ಕಾದರೂ “ಅವರು ನಿಮ್ಮ ನಿವಾಸಿ” ಎಂದು ಬರೆದುಕೊಡುವ ಮೊದಲು ಎರಡೂ ಕಡೆಯ ಕಾನೂನು ಬಲ್ಲ ವಕೀಲರಿಗೆ ಕಾಗದ ತೋರಿಸಿ.