ಪ್ರೇಮಗೀತೆಯ ಮಟ್ಟಿನಲ್ಲಿ ಪ್ರಾರ್ಥನೆ: ಯಹೂದಿ ಸಂಗೀತ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ವಿದ್ಯಾರ್ಥಿನಿ. ಸಿರಿಯಾ ಮೂಲದ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಹೀಬ್ರೂ ಪ್ರಾರ್ಥನೆಯನ್ನು ಈಜಿಪ್ಟಿನ ಪ್ರೇಮಗೀತೆಯ ಮಟ್ಟಿನಲ್ಲಿ ಹಾಡಿದ ಧ್ವನಿಮುದ್ರಣವೊಂದನ್ನು ಕೇಳಿದೆ. ನಮ್ಮ ಭಜನೆಯಲ್ಲಿ ಸಿನಿಮಾ ಹಾಡಿನ ಮಟ್ಟು ನುಸುಳಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಅಲ್ಲಿ ಯಾರೂ ಆಕ್ಷೇಪಿಸುವುದಿಲ್ಲವೇ? ಅವರಿಗೆ ಸ್ವಂತ ಸಂಗೀತವೇ ಇಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆಕ್ಷೇಪ ಬಂದಿದೆ, ಅದೂ ನಾನೂರು ವರ್ಷಗಳ ಹಿಂದೆಯೇ. 1587ರಲ್ಲಿ, ಇಂದಿನ ಇಸ್ರೇಲಿನಲ್ಲಿರುವ ಸಫೆದ್ ಊರಿನಲ್ಲಿ ಇಸ್ರೇಲ್ ನಜಾರಾ ಎಂಬ ಕವಿಯ ಹೀಬ್ರೂ ಭಕ್ತಿಗೀತೆಗಳ ಸಂಕಲನ ಅಚ್ಚಾಯಿತು. ಕೊನೆಗಾಲದಲ್ಲಿ ಗಾಜಾದ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆಗಿದ್ದ ಈತ ತುರ್ಕಿ, ಅರಬ್ಬಿ, ಸ್ಪ್ಯಾನಿಷ್ ಹಾಡುಗಳ ಮಟ್ಟುಗಳನ್ನು ಎತ್ತಿಕೊಂಡು, ಯಾವ ಗೀತೆಗೆ ಯಾವ ಹಾಡಿನ ಮಟ್ಟು ಎಂಬುದನ್ನು ಪುಸ್ತಕದಲ್ಲೇ ಮುಚ್ಚುಮರೆಯಿಲ್ಲದೆ ಸೂಚಿಸಿದ. ಸಮಕಾಲೀನ ವಿದ್ವಾಂಸ ಮೆನಾಹೆಮ್ ದೆ ಲೊನ್ಜಾನೊ ಸಿಟ್ಟಾದದ್ದು ಮಟ್ಟಿನ ವಿಷಯಕ್ಕಲ್ಲ. ಆಗ ಕೆಲವು ಕವಿಗಳು ಮೂಲ ಹಾಡಿನ ಉಚ್ಚಾರಣೆಯನ್ನೇ ಹೀಬ್ರೂ ಪದಗಳಿಂದ ಅನುಕರಿಸುತ್ತಿದ್ದರು. ‘ಮುಯೆರೊಮೆ ಮಿ ಆಲ್ಮಾ’ ಎಂಬ ಸ್ಪ್ಯಾನಿಷ್ ಸಾಲು ‘ಮೆರೊಮಿ ಅಲ್ ಮಾ’ ಎಂಬ ಹೀಬ್ರೂ ಸಾಲಾಗಿತ್ತು. ಹೀಗೆ ಹಾಡಿದರೆ ಪ್ರಾರ್ಥಿಸುವವನ ಮನಸ್ಸು ಮೂಲದ ಶೃಂಗಾರದ ಕಡೆಗೇ ಹರಿಯುತ್ತದೆ ಎಂಬುದು ಆತನ ಆಕ್ಷೇಪ. ಬರಿಯ ಮಟ್ಟನ್ನು ಆತ ದೂರ ಇಡಲಿಲ್ಲ. ತನ್ನ ಗೀತೆಗಳಿಗೆ ತಾನೇ ತುರ್ಕಿ ಮಟ್ಟುಗಳನ್ನು ಆರಿಸಿಕೊಂಡ, ನೊಂದ ಹೃದಯದ ವಿನಯ ಅವುಗಳಲ್ಲಿದೆ ಎಂದು ಕಾರಣವನ್ನೂ ಕೊಟ್ಟ.

ಈ ಪದ್ಧತಿಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಸಿರಿಯಾದ ಅಲೆಪ್ಪೊ ನಗರದ ಯಹೂದಿಗಳು. ಅರಬ್ಬರ ಮಕಾಮ್ ಪದ್ಧತಿ ನಮ್ಮ ರಾಗಪದ್ಧತಿಯಂಥದೇ: ಸ್ವರಗಳ ಜೊತೆಗೆ ಸಂಚಾರ, ನಿಲುಗಡೆ, ಭಾವ ಎಲ್ಲವೂ ಸೇರಿ ಒಂದು ಮಕಾಮ್. ಅಲೆಪ್ಪೊ ಸಂಪ್ರದಾಯದಲ್ಲಿ ಯಹೂದಿಗಳ ಧರ್ಮಗ್ರಂಥವಾದ ಟೋರಾದಲ್ಲಿ ಆ ವಾರ ಓದುವ ಅಧ್ಯಾಯಕ್ಕೆ ಒಪ್ಪುವ ಮಕಾಮ್‌ನಲ್ಲಿ, ಅವರ ವಿಶ್ರಾಂತಿಯ ದಿನವಾದ ಶನಿವಾರದ ಪ್ರಾರ್ಥನೆ ನಡೆಯಬೇಕು. ಅಬ್ರಹಾಮನ ಪತ್ನಿ ಸಾರಾಳ ಮರಣ ಬರುವ ವಾರ ಹಿಜಾಜ್; ಇದರ ಸ್ವರಗಳು ನಿಮ್ಮ ವಕುಳಾಭರಣಕ್ಕೆ ತೀರ ಹತ್ತಿರ. ಸಂತಸದ ಸಂದರ್ಭಕ್ಕೆ ಅಜಮ್. ಶಂಕರಾಭರಣ ಬಲ್ಲ ಕಿವಿಗೆ ಅದು ಕೂಡಲೇ ಪರಿಚಿತವಾಗುತ್ತದೆ. ರಾಸ್ತ್ ಮಾತ್ರ ಹಾರ್ಮೋನಿಯಂಗೆ ಒಗ್ಗದು, ಏಕೆಂದರೆ ಅದರ ಗಾಂಧಾರ ಎರಡು ಮನೆಗಳ ನಡುವೆ ನಿಲ್ಲುತ್ತದೆ.

ಹೀಗಾಗಿ ಪ್ರಾರ್ಥನೆ ನಡೆಸುವ ಹಜಾನ್ ಸಿಕ್ಕ ಮಟ್ಟನ್ನು ಸಿಕ್ಕ ಕಡೆ ತುರುಕುವಂತಿಲ್ಲ. ಈಜಿಪ್ಟಿನ ಜನಪ್ರಿಯ ಗಾಯಕರಾದ ಉಮ್ ಕುಲ್ಸುಮ್ ಅಥವಾ ಮೊಹಮ್ಮದ್ ಅಬ್ದುಲ್ ವಹಾಬ್ ಹಾಡಿದ್ದೊಂದು ಅವನಿಗೆ ಹಿಡಿಸಿದರೆ, ಅದರ ಮಕಾಮ್ ಆ ವಾರಕ್ಕೆ ಹೊಂದಬೇಕು, ಹೀಬ್ರೂ ಅಕ್ಷರಗಳು ಅದರ ನಡೆಯಲ್ಲಿ ಸಲೀಸಾಗಿ ಕೂರಬೇಕು. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ಶನಿವಾರ ವಾದ್ಯ ನುಡಿಸುವುದು ನಿಷಿದ್ಧ. ವಾದ್ಯವೃಂದ ಹೊತ್ತಿದ್ದ ಭಾರವೆಲ್ಲ ಕಂಠದ ಮೇಲೆಯೇ ಬೀಳುತ್ತದೆ. ಜೆರುಸಲೇಮಿನ ನಖ್ಲಾವೋತ್ ಬಡಾವಣೆಯಲ್ಲಿ ಅಲೆಪ್ಪೊದವರು 1901ರಲ್ಲಿ ಕಟ್ಟಿದ ಆದೆಸ್ ಸಿನಗಾಗ್‌ನಲ್ಲಿ ಚಳಿಗಾಲದ ಶನಿವಾರಗಳಂದು ನಸುಕಿಗೂ ಮುಂಚೆ ಜನ ಸೇರಿ ಗಂಟೆಗಟ್ಟಲೆ ಬಕ್ಕಶೋತ್ ಎಂಬ ಗೀತೆಗಳನ್ನು ಹಾಡುತ್ತಾರೆ. ಕೇಳಿ ನೋಡಿ. ಎರವಲು ಎಂಬ ಮಾತು ಎಷ್ಟು ಬಡವಾದದ್ದು ಎಂದು ನಿಮಗೇ ಅನ್ನಿಸುತ್ತದೆ. ಇಷ್ಟು ಶ್ರದ್ಧೆಯಿಂದ ದುಡಿಸಿಕೊಂಡದ್ದು ಸ್ವಂತದ್ದೇ ಎಂದು ನಾನು ಹೇಳುತ್ತೇನೆ.

ಟೋರಾ ಪಠಣದ ಮಾತು ಬೇರೆ. ಅದಕ್ಕೆ ಪಠ್ಯದೊಂದಿಗೆ ಸಾಗಿಬಂದ ಸ್ವರಚಿಹ್ನೆಗಳಿವೆ, ಅಲ್ಲಿ ಸಿನಿಮಾ ಹಾಡಿಗೆ ಜಾಗವಿಲ್ಲ. ಆದರೆ ಅದೇ ಚಿಹ್ನೆಗಳನ್ನು ಯೆಮನ್‌ನವರು ಒಂದು ಬಗೆಯಲ್ಲಿ, ಪೋಲೆಂಡಿನವರು ಇನ್ನೊಂದು ಬಗೆಯಲ್ಲಿ ಹಾಡುತ್ತಾರೆ.

ಪ್ರಶ್ನೆ: ನೆರೆಯವರು ಯಹೂದಿಗಳಿಂದ ಏನಾದರೂ ಪಡೆದರೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಧಾರಾಳವಾಗಿ. ಇಸ್ತಾಂಬುಲಿನ ತಂಬೂರಿ ಇಸಾಕ್ (1745–1814) ಒಟ್ಟೊಮನ್ ಸುಲ್ತಾನ ಮೂರನೆಯ ಸೆಲಿಮ್‌ಗೆ ಸಂಗೀತಗುರು. ಆತ ಯಹೂದಿ. ಆತನ ರಚನೆಗಳು ಇಂದಿಗೂ ತುರ್ಕಿಯ ಶಾಸ್ತ್ರೀಯ ಕಛೇರಿಗಳಲ್ಲಿ ನುಡಿಯುತ್ತಿವೆ.

ಇದಕ್ಕಿಂತ ದೊಡ್ಡ ಉದಾಹರಣೆ ಬಾಗ್ದಾದ್. 1932ರಲ್ಲಿ ಕೈರೋದಲ್ಲಿ ನಡೆದ ಅರಬ್ ಸಂಗೀತ ಸಮ್ಮೇಳನಕ್ಕೆ ಇರಾಕ್ ತಂಡ ಕಳುಹಿಸಿದಾಗ ಗಾಯಕ ಮೊಹಮ್ಮದ್ ಅಲ್ ಕುಬ್ಬಾಂಜಿ ಮುಸ್ಲಿಮರು, ಜೊತೆಯ ವಾದ್ಯಗಾರರಲ್ಲಿ ಬಹುಪಾಲು ಯಹೂದಿಗಳು. ಪಿಟೀಲುವಾದಕ ಸಾಲೆಹ್ ಅಲ್ ಕುವೈತಿ ಮತ್ತು ಊದ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಅವರ ತಮ್ಮ ದಾವೂದ್, 1936ರಲ್ಲಿ ಆರಂಭವಾದ ಇರಾಕ್ ರೇಡಿಯೊದ ವಾದ್ಯವೃಂದ ಕಟ್ಟಿದವರಲ್ಲಿ ಪ್ರಮುಖರು. ಸಾಲೆಹ್ ಮಟ್ಟು ಹಾಕಿದ ಹಾಡುಗಳನ್ನು ಇಡೀ ಇರಾಕ್ ಗುನುಗಿತು.

1950–51ರಲ್ಲಿ ಸುಮಾರು 1,20,000 ಯಹೂದಿಗಳು ಪೌರತ್ವ ಕಳೆದುಕೊಂಡು ಇರಾಕ್ ಬಿಟ್ಟು ಇಸ್ರೇಲಿಗೆ ಹೋದರು, ಈ ಸಹೋದರರೂ ಹೋದರು. ಹಾಡುಗಳು ಬಾಗ್ದಾದಿನಲ್ಲಿ ಉಳಿದವು, ಹಾಡುಗಳ ಪಕ್ಕದಲ್ಲಿದ್ದ ಹೆಸರು ಅಳಿಯಿತು. ಇರಾಕ್ ರೇಡಿಯೊದಲ್ಲಿ ಅವು ಜನಪದ ಗೀತೆಗಳಾಗಿ ಪ್ರಸಾರವಾದವು. ಇಸ್ರೇಲಿನಲ್ಲಿಯೂ ಅರಬ್ಬಿ ಸಂಗೀತಕ್ಕೆ ಆಗ ಮರ್ಯಾದೆಯಿರಲಿಲ್ಲ. ರೇಡಿಯೊದ ಅರಬ್ಬಿ ವಿಭಾಗವೊಂದೇ ಆಸರೆ. ಎರಡೂ ಕಡೆ ಅನ್ಯರಾದ ಈ ಕಲಾವಿದರ ನೋವು ನನ್ನನ್ನು ಬಹಳ ಕಾಡಿದೆ. ದಾವೂದರ ಮೊಮ್ಮಗ, ರಾಕ್ ಗಾಯಕ ದುದು ತಾಸಾ, ಆ ಹಾಡುಗಳನ್ನು ಅರಬ್ಬಿಯಲ್ಲೇ ಮತ್ತೆ ವೇದಿಕೆಗೆ ತಂದಿದ್ದಾರೆ.

ಪ್ರಶ್ನೆ: ಭಾರತದ ಯಹೂದಿಗಳ ಸಂಗೀತ?
– ಓದುಗರೊಬ್ಬರು, ಉಡುಪಿ

ಉತ್ತರ: ಕೊಚ್ಚಿಯ ಯಹೂದಿ ಮಹಿಳೆಯರು ಬೈಬಲ್ ಕಥೆಗಳನ್ನೂ ಮದುವೆಯ ಹಾಡುಗಳನ್ನೂ ಮಲಯಾಳದಲ್ಲಿ ಹಾಡುತ್ತಿದ್ದರು, ಸಾಹಿತ್ಯವನ್ನು ನೋಟ್‌ಬುಕ್‌ಗಳಲ್ಲಿ ಕೈಯಲ್ಲೇ ಬರೆದಿಟ್ಟುಕೊಂಡರು. ಹಲವು ಸಂಪ್ರದಾಯಸ್ಥ ಯಹೂದಿ ಸಮುದಾಯಗಳಲ್ಲಿ ಗಂಡಸರೆದುರು ಹೆಂಗಸರು ಹಾಡುವಂತಿಲ್ಲ; ಕೊಚ್ಚಿಯಲ್ಲಿ ಆ ಕಟ್ಟುಪಾಡು ಇರಲಿಲ್ಲ. ಕೊಂಕಣದ ಬೆನೆ ಇಸ್ರೇಲ್ ಸಮುದಾಯ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮರಾಠಿ ಕೀರ್ತನದ ಚೌಕಟ್ಟನ್ನೇ ತನ್ನದಾಗಿಸಿಕೊಂಡಿತು. ಕೀರ್ತನಕಾರರು ಅಬ್ರಹಾಮನ ಕಥೆ, ಯೋಸೇಫನ ಕಥೆಗಳನ್ನು ಮರಾಠಿಯಲ್ಲಿ ಹಾಡಿ ವಿವರಿಸುತ್ತಿದ್ದರು. ನಮ್ಮ ಹರಿಕಥೆಗೆ ಆ ಕೀರ್ತನ ನಿಕಟ ಬಂಧು. ಹರಿಕಥೆ ಅಭ್ಯಾಸ ಮಾಡುವವರು ಯಾರಾದರೂ ಈ ಬೆನೆ ಇಸ್ರೇಲ್ ಕೀರ್ತನಗಳನ್ನು ಎದುರಿಗಿಟ್ಟುಕೊಂಡು ಕಥೆ ಎಲ್ಲಿ ನಿಲ್ಲುತ್ತದೆ, ಹಾಡು ಎಲ್ಲಿ ಎತ್ತಿಕೊಳ್ಳುತ್ತದೆ ಎಂದು ಹೋಲಿಸಿ ಬರೆದರೆ, ಓದಲು ಕಾದಿರುವವರಲ್ಲಿ ನಾನು ಮೊದಲಿಗ.