ಮಂಚದ ತುದಿಯಲ್ಲಿ ಕುಳಿತವರು: ಒಂದು ಆಪ್ತಸಲಹೆ ಪ್ರಕರಣ

ಕೋಲಾರದ ಸಮೀಪದ ಹಳ್ಳಿಯೊಂದರ ಈ ತಾಯಿಯ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರಿಗೆ ಐವತ್ತು ದಾಟಿದೆ. ಗಂಡ ತೀರಿಕೊಂಡು ಆಗ ಐದು ತಿಂಗಳಾಗಿತ್ತು. 1876–78ರ ಬರಗಾಲದಲ್ಲಿ ಅನಾಥರಾದ ಮಕ್ಕಳನ್ನು ಕೋಲಾರದ ಮಿಷನ್ನಿನವರು ಸಾಕಿದ ಕಾಲದಿಂದ ಕ್ರೈಸ್ತರಾಗಿರುವ ಮನೆತನ. ಮೈದುನ ಮೆಥೋಡಿಸ್ಟ್ ಸಭೆಯ ಹಿರಿಯರಲ್ಲೊಬ್ಬರು. ಮಗಳು ಎರಡು ವರ್ಷದಿಂದ ಬೇರೊಂದು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದಾಳೆ. ನನ್ನ ಬಳಿ ಬಂದಾಗ ಇಬ್ಬರೂ ತಾಯಿಯನ್ನು ನಡುವೆ ಕೂರಿಸಿಕೊಂಡರು. ಮೊದಲ ಹದಿನೈದು ನಿಮಿಷ ಮಾತೆಲ್ಲ ಅವರಿಬ್ಬರದೇ.

ಬೆಳಗಿನ ಜಾವ ಯೇಸು ಸ್ವಾಮಿ ತಮ್ಮ ಮನೆಗೆ ಬಂದಿದ್ದರೆಂದು ತಾಯಿ ಹೇಳಿದ್ದೇ ಜಗಳಕ್ಕೆ ಮೂಲ. ಕರ್ತನಾದ ಯೇಸು ಪರಲೋಕಕ್ಕೆ ಏರಿಹೋದ ರೀತಿಯಲ್ಲೇ ಮರಳಿ ಬರುವನೆಂದು ಬೈಬಲಿನ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯ ಹೇಳುತ್ತದೆ, ಅಲ್ಲಿಯವರೆಗೆ ಆತನು ತಂದೆಯ ಬಲಗಡೆಯಲ್ಲಿ ಇರುವನು, ನಮ್ಮೊಂದಿಗೆ ಇರಲು ಪವಿತ್ರಾತ್ಮನನ್ನು ಕಳುಹಿಸಿದ್ದಾನೆ, ಸೈತಾನನೂ ಬೆಳಕಿನ ದೂತನ ವೇಷ ಹಾಕುತ್ತಾನೆ ಎಂಬುದು ಮೈದುನನ ವಾದ. ಮಗಳು ಅದೇ ಪುಸ್ತಕವನ್ನು ಮುಂದಕ್ಕೆ ತಿರುವಿದಳು. ದಮಸ್ಕದ ದಾರಿಯಲ್ಲಿ, ಆಮೇಲೆ ಅಪೊಸ್ತಲನಾದ ಪೌಲನಿಗೆ ಕರ್ತನು ಕಾಣಿಸಿಕೊಂಡದ್ದು ಸ್ವರ್ಗಾರೋಹಣದ ನಂತರವೇ ಅಲ್ಲವೇ, 23ನೇ ಅಧ್ಯಾಯದಲ್ಲಿ ರಾತ್ರಿ ಅವನ ಹತ್ತಿರ ಬಂದು ನಿಂತದ್ದು ಯಾರು, 1904ರಲ್ಲಿ ಪಂಜಾಬಿನ ಸಾಧು ಸುಂದರ್ ಸಿಂಗರಿಗೆ ಬೆಳಗಿನ ಜಾವ ಯೇಸುವಿನ ದರ್ಶನವಾದದ್ದು ಸುಳ್ಳೇ ಎಂದು ಕೇಳಿದಳು. ಕ್ರಿಸ್ತನ ದೇಹ ಪರಲೋಕದಲ್ಲಿದ್ದೂ ಕರ್ತನ ಭೋಜನದಲ್ಲಿ, ಅಂದರೆ ಸಭೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ, ಇರಬಲ್ಲದೇ ಎಂಬ ಪ್ರಶ್ನೆಯ ಮೇಲೆ 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿಯವರಂಥವರೇ ಒಮ್ಮತಕ್ಕೆ ಬಾರದೆ ಎದ್ದುಹೋದರೆಂದು ನೆನಪಿಸಿ, ಇಬ್ಬರನ್ನೂ ಹೊರಗೆ ಕೂರಲು ಕೇಳಿಕೊಂಡೆ.

ಒಬ್ಬರೇ ಆದ ಮೇಲೆ ತಾಯಿ ಹೇಳಿದ್ದು ನಾಲ್ಕೇ ವಾಕ್ಯ. ಎಚ್ಚರವಾಯಿತು. ಕಾಲ ಬಳಿ ಮಂಚದ ನವಾರು ಯಾರೋ ಕೂತಂತೆ ತಗ್ಗಿತು. ಮುಖ ಕಾಣಲಿಲ್ಲ, ಮಾತಿರಲಿಲ್ಲ, ಆದರೆ ಯೇಸು ಸ್ವಾಮಿಯೇ ಎಂದು ಗೊತ್ತಾಯಿತು. ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಬಿಳಿ ಬಟ್ಟೆ ಇತ್ತಾ ಅಂತ ಪ್ರಾರ್ಥನೆಯವರು ಕೇಳಿದರು, ಇತ್ತು ಅಂದೆ. ಗಾಯದ ಗುರುತು ಇತ್ತಾ ಅಂದರು, ಇತ್ತೇನೋ ಅಂದೆ. ಈಗ ಕಣ್ಣು ಮುಚ್ಚಿದರೆ ಬಿಳಿ ಬಟ್ಟೆಯೇ ಕಾಣುತ್ತದೆ, ಅವತ್ತಿನದು ಕಾಣುವುದಿಲ್ಲ” ಎಂದು ಅತ್ತರು. ಮುಂದಿನ ಉಪವಾಸ ಪ್ರಾರ್ಥನೆಯಲ್ಲಿ ಅವರು ವೇದಿಕೆ ಹತ್ತಿ ಈ ಅನುಭವದ ಸಾಕ್ಷಿ ಹೇಳಬೇಕೆಂದು ಆಗಲೇ ನಿಶ್ಚಯವಾಗಿತ್ತು. ಮೈದುನನ ಬೈಗುಳಕ್ಕಿಂತ ಅವರನ್ನು ಹೆಚ್ಚು ನೋಯಿಸಿದ್ದು, ತಮಗೆ ದಕ್ಕಿದ್ದೊಂದು ಹೇಳಿ ಹೇಳಿಯೇ ಕೈಜಾರಿತೆಂಬುದು. ಕೇಳುವವರ ಪ್ರಶ್ನೆ ನೆನಪಿನೊಳಗೆ ಸೇರಿಕೊಳ್ಳುವುದು ನಮ್ಮ ವೃತ್ತಿಯಲ್ಲಿ ತೀರಾ ಪರಿಚಿತವಾದ ಸಂಗತಿ. ಅದಕ್ಕೆ ಅವರು ಸುಳ್ಳುಗಾತಿ ಆಗಬೇಕಿಲ್ಲ.

ಆಜ್ಞೆ ಮಾಡುವ ದನಿ, ಅನುಮಾನ, ಊಟ ಬಿಡುವುದು, ಸಾಯುವ ಯೋಚನೆ, ಇವೆಲ್ಲವನ್ನೂ ವಿಚಾರಿಸಿದೆ, ಯಾವುದೂ ಇರಲಿಲ್ಲ. ವೇಲ್ಸ್‌ನ ವೈದ್ಯ ಡೀವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ವಿಚಾರಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತವರು ಹತ್ತಿರವೇ ಇರುವ ಅನುಭವ ಹೇಳಿಕೊಂಡಿದ್ದರು, ಮತ್ತು ಬಹುಪಾಲು ಜನ ಅದನ್ನು ಯಾರಿಗೂ ಹೇಳಿರಲಿಲ್ಲ. ಈ ತಾಯಿಯ ಬಳಿ ಕುಳಿತದ್ದು ಗಂಡನಲ್ಲ ಎಂಬ ವ್ಯತ್ಯಾಸವನ್ನು ಮರೆಯದೆಯೇ, ಇದು ಬುದ್ಧಿ ಕೆಟ್ಟ ಲಕ್ಷಣವಲ್ಲವೆಂದು ಅವರಿಗೆ ಧೈರ್ಯ ಹೇಳಿದೆ. ಬಂದವರು ನಿಜವಾಗಿ ಯಾರೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ ಎಂದೂ ಹೇಳಿದೆ.

ನಿಜವಾದ ಅಪಾಯ ಬೇರೆಡೆ ಇತ್ತು. ಕರ್ತನೇ ಬಂದ ಮನೆಯಲ್ಲಿ ಮಾತ್ರೆ ಏಕೆಂದು ಯಾರೋ ಅಂದಿದ್ದರಂತೆ. ಅವರು ಹನ್ನೊಂದು ದಿನದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದರು. ಅಂದೇ ರಕ್ತ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಬೇಕೆಂಬುದು ನನ್ನ ಮೊದಲ ಸಲಹೆಯಾಗಿತ್ತು. ದರ್ಶನ ಕಂಡ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದಿದ್ದಾನೆಂದಾಗ ಅವರು ಮೊದಲ ಬಾರಿಗೆ ನಕ್ಕರು.

ಎರಡನೆಯದು ಸಾಕ್ಷಿಯ ವಿಷಯ. ಅದೇ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತನಗಾದ ದರ್ಶನವನ್ನು ಹದಿನಾಲ್ಕು ವರ್ಷದ ಹಿಂದಿನದೆಂದು, ಬೇರೊಬ್ಬನ ಕಥೆಯೆಂಬಂತೆ, ಕೇಳಿದ್ದನ್ನು ನುಡಿಯಲಾಗದೆಂದು ಹೇಳಿ ನಿಲ್ಲಿಸುತ್ತಾನೆ. ಅದನ್ನು ಓದಿ ಹೇಳಿ, ನೀವು ಸದ್ಯಕ್ಕೆ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ, ಆ ನಾಲ್ಕು ವಾಕ್ಯಗಳನ್ನು ನಿಮ್ಮ ಕೈಯಲ್ಲೇ ಬರೆದಿಡಿ, ಐದನೆಯದನ್ನು ಯಾರು ಕೇಳಿದರೂ ಸೇರಿಸಬೇಡಿ ಎಂದೆ. ಗಂಡನಿಗಾಗಿ ಅಳುವುದನ್ನು ಈ ಗದ್ದಲದಲ್ಲಿ ಅವರು ನಿಲ್ಲಿಸಿಬಿಟ್ಟಿದ್ದರು; ಮುಂದಿನ ಭೇಟಿಗಳು ಅದಕ್ಕಾಗಿ ಎಂದು ಗೊತ್ತುಮಾಡಿಕೊಂಡೆವು.

ಮಗಳು ಬೇಸರಪಟ್ಟರೂ ತಾಯಿಯ ಹೆಸರನ್ನು ಸಾಕ್ಷಿ ಹೇಳುವವರ ಪಟ್ಟಿಯಿಂದ ತೆಗೆಸಿದಳು. ಮೈದುನ ಮಾತ್ರ ಒಪ್ಪಿಲ್ಲ. ಆದರೆ ಅತ್ತಿಗೆಯ ಎದುರಿಗೆ ಸೈತಾನನ ಹೆಸರೆತ್ತುವುದಿಲ್ಲವೆಂದು ಮಾತು ಕೊಟ್ಟು, ಸಂದೇಹವಿದ್ದರೆ ಸಭೆಯ ಪಾದ್ರಿ ಅಯ್ಯನವರ ಬಳಿ ಹೋಗಿ ಕೇಳುತ್ತೇನೆಂದರು. ಮೂರನೆಯ ಭೇಟಿಗೆ ತಾಯಿ ಒಬ್ಬರೇ ಬಸ್ಸಿನಲ್ಲಿ ಬಂದರು. ಆ ದಿನ ಪೂರ್ತಿ ಗಂಡನ ಮಾತೇ ಆಯಿತು.